ಅಣ್ಣ ಸಮುದ್ರ ಕೊಳ್ಳಲು ಹೊರಟಿದ್ದು

ನನ್ನ ಅಣ್ಣನಿಗೆ ಶ್ರೀನಿವಾಸಪುರದ ಹತ್ತಿರ ಮಾವಿನ ತೋಟವಿದೆ. ನಾನು ಕೋಲಾರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಹೀಗಾಗಿ ಔಷಧಿ ಬಾಟಲಿಯಿಂದ ಹಿಡಿದು ಪಂಪ್‌ಸೆಟ್ಟಿನ ಡಬ್ಬದವರೆಗೆ ಇಂಗ್ಲಿಷಿನಲ್ಲಿ ಏನೇ ಬರೆದಿದ್ದರೂ ಅಣ್ಣ ಅದನ್ನು ನನ್ನ ಬಳಿಗೇ ತರುತ್ತಾನೆ. ಮಾವಿನ ಸುಗ್ಗಿ ಮುಗಿದು ತೋಟದಲ್ಲಿ ಕೆಲಸವಿಲ್ಲದ ಒಂದು ಭಾನುವಾರ ಅವನೂ ಅತ್ತಿಗೆಯೂ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಡುವ ಮೊದಲೇ ಅಣ್ಣ ಫೋನನ್ನು ನನ್ನ ಮುಖಕ್ಕೆ ಹಿಡಿದ. ನೀಲಿ ಸಮುದ್ರ, ಬಿಳಿ ಮರಳು, ಬಾಗಿದ ತೆಂಗಿನ ಮರ. ಕೆಳಗೆ ‘ಮಾರಾಟಕ್ಕಿದೆ’ ಎಂಬ ಬರಹ.

“ಮಾಲೂರಲ್ಲಿ ಒಂದು ಸೈಟಿಗೆ ಕೇಳ್ತಾರಲ್ಲ, ಅದೇ ದುಡ್ಡಿಗೆ ಇಲ್ಲಿ ಸಮುದ್ರಾನೇ ಬರ್ತೈತೆ ಕಣೇ.”

“ಎಲ್ಲಿದೆ ಅಣ್ಣ ಇದು?”

“ನಿಕರಾಗುವ ಅಂತ. ಅಮೆರಿಕದ ಕೆಳಗಡೆ ಇರೋ ದೇಶ.”

ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದ ಅತ್ತಿಗೆ ಲೋಟ ಹಿಡಿದುಕೊಂಡೇ ಹೊರಗೆ ಬಂದಳು. “ಏನು, ನಿಕ್ಕರ್ ಆಗುವಾನಾ? ಪ್ಯಾಂಟ್ ಹಾಕ್ಕೊಂಡ್ ಹೋದೋರು ನಿಕ್ಕರಲ್ಲಿ ವಾಪಸ್ ಬರ್ತಾರೆ ಅಂತ ಹೆಸರಲ್ಲೇ ಹೇಳವ್ರಲ್ರೀ!”

ಅಣ್ಣ ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ರಸ್ತೆ ಬದಿಯ ತುಂಡು ಜಮೀನನ್ನು ಅವನು ಆಗಷ್ಟೇ ಮಾರಿದ್ದ. ಅವನ ಸ್ನೇಹಿತರೆಲ್ಲ ಮಾಲೂರಲ್ಲೋ ಬೆಂಗಳೂರಲ್ಲೋ ಸೈಟು ಮಾಡಿದ್ದರು. ಮಾವಿನ ಮಂಡಿಯಲ್ಲಿ ಯಾರ ಬಳಿಯೂ ಇಲ್ಲದ್ದು ತನ್ನ ಬಳಿ ಇರಬೇಕೆಂಬ ಆಸೆ ಅವನಿಗೆ. ತಿರುಪತಿಗೆ ಎಷ್ಟೋ ಸಲ ಹೋಗಿ ಬಂದವನು, ಆದರೆ ಸಮುದ್ರವನ್ನು ಒಮ್ಮೆಯೂ ನೋಡಿರಲಿಲ್ಲ.

ಮುಂದಿನ ವಾರ ಆ ದೇಶದ ದಲ್ಲಾಳಿಯ ಜೊತೆ ವಿಡಿಯೋ ಕಾಲ್ ಆಯಿತು. ನಮಗೆ ಬೆಳಗಿನ ಕಾಫಿ ಹೊತ್ತು, ಅವನಿಗೆ ಸಂಜೆ. ಹುಲ್ಲಿನ ಟೋಪಿ ಹಾಕಿಕೊಂಡು ಬಹಳ ಮರ್ಯಾದೆಯಿಂದ ಮಾತನಾಡಿದ. ನಾನು ನಡುವೆ ಕುಳಿತು ಅನುವಾದ ಮಾಡಿದೆ.

“ಪಕ್ಕದ ಜಮೀನೋರು ಎಂಥಾ ಜನ ಅಂತ ಕೇಳು,” ಎಂದ ಅಣ್ಣ.

ಒಂದು ಕಡೆ ಕೆನಡಾದಿಂದ ಬಂದ ವಯಸ್ಸಾದ ದಂಪತಿ, ಇನ್ನೊಂದು ಕಡೆ ಪೆಸಿಫಿಕ್ ಮಹಾಸಾಗರ ಎಂದ ದಲ್ಲಾಳಿ.

“ಜಗಳ ಗಿಗಳ ಮಾಡೋ ಪೈಕಿ ಅಲ್ವಂತಾ?”

ಕೇಳಿದೆ. ಇಬ್ಬರೂ ಶಾಂತ ಸ್ವಭಾವದವರು ಎಂದು ಅವನು ನಕ್ಕ. ಬೋರ್ ಕೊರೆದರೆ ಎಷ್ಟಡಿಗೆ ನೀರು ಎಂಬುದು ಅಣ್ಣನ ಮುಂದಿನ ಪ್ರಶ್ನೆ. ಮೂವತ್ತು ಅಡಿ ಎಂಬ ಉತ್ತರ ಬಂತು. ಅಣ್ಣ ಕುರ್ಚಿಯಿಂದ ಎದ್ದು ನಿಂತುಬಿಟ್ಟ. ನಮ್ಮ ಕಡೆ ಸಾವಿರ ಅಡಿ ದಾಟಿದ ಮೇಲೂ ಬರೀ ಬಿಳಿ ಪುಡಿ ಹಾರುವುದನ್ನು ಕಂಡವನು ಅವನು. “ಮೂವತ್ತೋ ಮುನ್ನೂರೋ ಸರಿಯಾಗಿ ಕೇಳಮ್ಮಾ,” ಎಂದು ಗದರಿದ. ಮತ್ತೆ ಕೇಳಿದೆ. ಮೂವತ್ತೇ.

ಅಷ್ಟರಲ್ಲಿ ಅತ್ತಿಗೆ, “ಸಮುದ್ರ ಯಾವ ದಿಕ್ಕಿಗೈತೆ?” ಎಂದಳು. ಪಶ್ಚಿಮಕ್ಕೆ ಎಂದು ತಿಳಿದಾಗ ಕೈ ಅಲ್ಲಾಡಿಸಿಬಿಟ್ಟಳು. “ಪಡುವಣಕ್ಕೆ ನೀರಾ? ಮನೆ ಉದ್ಧಾರ ಆಗಲ್ಲ. ಬೇಡ್ವೇ ಬೇಡ.”

ವಾಸ್ತು ಎಂದರೇನೆಂದು ನಾನು ದಲ್ಲಾಳಿಗೆ ಕಷ್ಟಪಟ್ಟು ವಿವರಿಸಿದೆ. ಅವನು ಒಂದಿಷ್ಟೂ ತಬ್ಬಿಬ್ಬಾಗಲಿಲ್ಲ. ತಮ್ಮ ದೇಶದ ಪೂರ್ವಕ್ಕೂ ಒಂದು ಸಮುದ್ರವಿದೆ, ಅಲ್ಲಿ ಜಾಗ ಇನ್ನೂ ಅಗ್ಗ ಎಂದ.

ಅಣ್ಣ ಗೆದ್ದವನಂತೆ ಹೆಂಡತಿಯ ಕಡೆ ತಿರುಗಿದ. “ನೋಡ್ದಾ? ಅವ್ರ ಹತ್ರ ಸ್ಪೇರ್ ಸಮುದ್ರ ಐತೆ!”

ಆಗ ಅತ್ತಿಗೆ ಹೊಸ ಪಟ್ಟು ಹಾಕಿದಳು. “ಹುಡುಗೀನ ನೋಡ್ದೇನೇ ಒಪ್ಕೊಂಡಂಗಾಯ್ತು ನಿಮ್ದು. ಮೊದ್ಲು ಹತ್ರದ್ದು ಯಾವ್ದಾದ್ರೂ ಒಂದು ಸಮುದ್ರ ನೋಡ್ಕೊಂಡ್ ಬರೋಣ ನಡೀರಿ. ಆಮೇಲೆ ನಿಕ್ಕರೋ ಪಂಚೆಯೋ ನಿಮ್ಮಿಷ್ಟ.”

ಹಾಗೆ ನಾವು ಮೂವರೂ ಮುಳಬಾಗಿಲು ಮಾರ್ಗವಾಗಿ ಚೆನ್ನೈಗೆ ಹೋದೆವು. ಊರು ದಾಟಿದರೆ ಸಿಗುವ ಮೀನುಗಾರರ ಹಳ್ಳಿಯೊಂದರಲ್ಲಿ, ಮರಳಿನ ಅಂಚಿಗೇ ಇದ್ದ ಒಂದು ಬಾಡಿಗೆ ಮನೆಯಲ್ಲಿ ಇಳಿದುಕೊಂಡೆವು. ಮನೆಯೊಡತಿ ತಮಿಳು ಮಾತಾಡುವ ವಿಧವೆ, ಬಾಯಿ ತುಂಬ ಮಾತು.

ಸಮುದ್ರವನ್ನು ಮೊದಲ ಸಲ ಕಂಡ ಅಣ್ಣ, ಕೊಳ್ಳಲಿರುವ ತೋಟ ನೋಡುವಾಗ ಮಾಡುವಂತೆ ಕೈ ಹಿಂದಕ್ಕೆ ಕಟ್ಟಿಕೊಂಡು ನೀರಿನ ಅಂಚಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದ. ವಾಪಸ್ ಬಂದು, “ಬೇಲಿ ಎಲ್ಲಿ ಹಾಕೋದು?” ಎಂದ.

ತಾನೇ ಪರೀಕ್ಷೆ ಮಾಡೋಣವೆಂದು ನೀರು ಮುಟ್ಟುವ ಜಾಗಕ್ಕೆ ಒಂದು ಕೋಲು ನೆಟ್ಟು ಇಡ್ಲಿ ತಿನ್ನಲು ಬಂದ. ಹೋಗಿ ನೋಡಿದರೆ ಕೋಲಿಲ್ಲ. ಇನ್ನಷ್ಟು ಮೇಲೆ ಇನ್ನೊಂದು ನೆಟ್ಟ. ಮಧ್ಯಾಹ್ನಕ್ಕೆ ಅದೂ ಹೋಯಿತು. ಅಣ್ಣ ನಿಜಕ್ಕೂ ಕಂಗೆಟ್ಟ.

“ಮೂರಡಿ ಒತ್ತಿದ್ದಕ್ಕೆ ದಾಯಾದಿ ಮೇಲೆ ಕೇಸ್ ಹಾಕ್ದೋನು ಕಣೇ ನಾನು. ಇದು ನೋಡ್ತಾ ನೋಡ್ತಾನೇ ಒತ್ತುವರಿ ಮಾಡ್ತೈತೆ. ಇದರ ಮೇಲೆ ಯಾರಿಗೆ ಅರ್ಜಿ ಕೊಡ್ಲಿ?”

“ಸಂಜೆ ವಾಪಸ್ ಹೋಗುತ್ತಲ್ಲ ಅಣ್ಣ.”

“ಹೋಗಿ ಮತ್ತೆ ಬರೋದ್ಯಾಕೆ? ಒಂದ್ ಕಡೆ ನಿಂತ್ಕೊಂಡ್ರೆ ಏನು ಗಂಟು ಹೋಗ್ತೈತೆ?”

ಅದರ ಸದ್ದೂ ಅವನಿಗೆ ಹಿಡಿಸಲಿಲ್ಲ. ಮನೆಯ ಮುಂದೆ ಲಾರಿ ಸ್ಟಾರ್ಟ್ ಮಾಡಿಟ್ಟು ಡ್ರೈವರ್ ಟೀ ಕುಡಿಯಲು ಹೋದಂತಿದೆ ಎಂದು ಗೊಣಗಿದ. ಬಾಗಿಲು ಹಾಕಿದ, ಕಿಟಕಿ ಹಾಕಿದ, ಕಿವಿಗೆ ಟವೆಲ್ ಸುತ್ತಿಕೊಂಡ.

ಇತ್ತ ಅತ್ತಿಗೆಯ ಕಥೆಯೇ ಬೇರೆಯಾಗಿತ್ತು. ಮೊದಲು ಹತ್ತಿರ ಹೋಗಲೂ ಹೆದರಿದ್ದವಳನ್ನು ಮನೆಯೊಡತಿ ಕೈಹಿಡಿದು ಕರೆದುಕೊಂಡು ಹೋದಳು. ಮೊದಲ ಅಲೆ ಪಾದಕ್ಕೆ ತಾಗಿದಾಗ ಅತ್ತಿಗೆ ಕಿರುಚಿದಳು. ಎರಡನೆಯದಕ್ಕೆ ನಕ್ಕಳು. ನಮ್ಮ ಮನೆಗೆ ಸೊಸೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಆ ನಗುವನ್ನು ನಾನು ಕೇಳಿರಲಿಲ್ಲ. ಸೀರೆ ಎತ್ತಿ ಕಟ್ಟಿದಳು, ಆಮೇಲೆ ಅದನ್ನೂ ಮರೆತು ನೀರಿನಲ್ಲೇ ಕುಳಿತುಬಿಟ್ಟಳು.

“ಎನ್ನಿ ನೀಳ್ಳು, ಎನ್ನಿ ನೀಳ್ಳು!” ಎಂದು, ಎಷ್ಟೊಂದು ನೀರೆಂದು, ತವರಿನ ತೆಲುಗಿನಲ್ಲೇ ಬೆರಗಾದಳು. ನಾನು ಪಕ್ಕದಲ್ಲಿ ಕುಳಿತೆ. “ನೋಡೇ, ಯಾರೂ ಹಿಡಿದಿಡಬೇಕಾಗಿಲ್ಲ, ಹೊತ್ಕೊಂಡ್ ಬರಬೇಕಾಗಿಲ್ಲ. ತಾನೇ ಬರ್ತೈತೆ, ತಾನೇ ಹೋಗ್ತೈತೆ,” ಎಂದಳು. ಟ್ಯಾಂಕರ್ ಬರುವ ಹೊತ್ತಿಗೆ ಮದುವೆ ಮನೆಯಿಂದಲೂ ಅರ್ಧ ಊಟಕ್ಕೆ ಎದ್ದು ಓಡುತ್ತಿದ್ದವಳು ಅವಳು.

ಹೊರಡುವ ದಿನ ಅಣ್ಣ ಬ್ಯಾಗು ಹಿಡಿದು ದಡದಲ್ಲಿ ನಿಂತು ಕೂಗಿದ. “ಬಸ್ ಹೋಗ್ತೈತೆ, ಎದ್ದೇಳೇ!” ಅತ್ತಿಗೆ ತಿರುಗಿ ನೋಡದೆ, “ಇನ್ನೊಂದ್ ಬಸ್ ಬರ್ತೈತೆ,” ಎಂದಳು. ನಾವು ಇನ್ನೊಂದು ಬಸ್ಸಿಗೇ ಹೊರಟೆವು.

ಊರಿಗೆ ಬಂದ ಮೇಲೆ ಅಣ್ಣ ದಲ್ಲಾಳಿಗೆ ಬೇಡವೆಂದು ಹೇಳಿಸಿದ. ಕಾರಣವನ್ನೂ ಹೇಳಲೇಬೇಕೆಂದು ಹಟ ಹಿಡಿದ. ಪಕ್ಕದ ಜಮೀನಿನವರ ನಡತೆ ಸರಿಯಿಲ್ಲ ಎಂದು ನಾನು ಅನುವಾದಿಸಿದೆ. ಪಾಪ, ದಲ್ಲಾಳಿ ಆ ಕೆನಡಾದ ದಂಪತಿ ಬಹಳ ಒಳ್ಳೆಯವರೆಂದು ತುಂಬ ಹೊತ್ತು ವಾದಿಸಿದ. ಆ ದುಡ್ಡಿನಲ್ಲಿ ಅಣ್ಣ ಕೊನೆಗೆ ಟೇಕಲ್ ಹತ್ತಿರ, ನಾಲ್ಕು ಕಡೆಯೂ ಕಲ್ಲು ನೆಟ್ಟ ಹೊಲವೊಂದನ್ನು ಕೊಂಡ.

ಅತ್ತಿಗೆ ಮಾತ್ರ ಈಗ ಪ್ರತಿ ವರ್ಷ ಮಾವು ಮುಗಿದ ಕೂಡಲೇ ತನ್ನ ತಂಗಿಯನ್ನು ಕರೆದುಕೊಂಡು ಆ ಮೀನುಗಾರರ ಹಳ್ಳಿಗೆ ಹೋಗುತ್ತಾಳೆ. ಹೋದ ಸಲ ನಾನೂ ಜೊತೆಗಿದ್ದೆ. ಮನೆಯೊಡತಿ ತಮಿಳಿನಲ್ಲಿ, ಇವಳು ತೆಲುಗಿನಲ್ಲಿ, ಒಬ್ಬರ ಮಾತು ಒಬ್ಬರಿಗೆ ಅರ್ಧವೇ ತಿಳಿದರೂ ಇಡೀ ಮಧ್ಯಾಹ್ನ ಹರಟಿದರು. ಆಗ ಅಣ್ಣನ ಫೋನು ಬಂತು. ಯಾವಾಗ ಬರುತ್ತೀಯ ಎಂದು ಕೇಳಿದನಂತೆ.

“ಬೇಳೆ ನೀಲಿ ಡಬ್ಬದಲ್ಲೈತೆ,” ಎಂದು ಹೇಳಿ ಅತ್ತಿಗೆ ಫೋನಿಟ್ಟಳು.