ಒಂದೂವರೆ ಪಟ್ಟು ಕಲ್ಯಾಣಿ

ಬರುವ ಭಾನುವಾರದ ಸಂಗೀತ ಕಚೇರಿಗೆ ತಲಾ ಐನೂರು ಕೊಟ್ಟು ಎರಡು ಟಿಕೆಟ್ ತಂದೆ. ಒಂದು ನನಗೆ, ಇನ್ನೊಂದು, ಬರುತ್ತೇನೆಂದು ಬಾಯಿಬಿಡದಿದ್ದ ನನ್ನ ಹೆಂಡತಿ ಸುಶೀಲಾಳಿಗೆ. ಚೌಕಾಸಿ ಮಾಡದೆ ಕೊತ್ತಂಬರಿ ಸೊಪ್ಪನ್ನೂ ಕೊಂಡವನಲ್ಲ ನಾನು. "ಮೃದಂಗದ ತನಿ ಆವರ್ತನದ ಹೊತ್ತಲ್ಲಿ ನಾನು ಕಾಫಿಗೆ ಎದ್ದೋಗ್ತೀನಿ, ಅಷ್ಟು ಹೊತ್ತಿಂದು ಕಮ್ಮಿ ಮಾಡ್ಕೊಳ್ಳಿ" ಎಂದು ಕೌಂಟರಿನಲ್ಲಿ ಕೇಳಿಯೂ ನೋಡಿದೆ.

"ಯಜಮಾನ್ರೇ, ಮೃದಂಗದವರು ಕೇಳಿಸ್ಕೊಂಡ್ರೆ ನಿಮ್ಮ ತಲೆ ಮೇಲೇ ನುಡಿಸ್ತಾರೆ" ಎಂದ ಆತ.

ಆದರೂ ತೆಗೆದೆ. ಕಾರಣವಿದೆ.

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಬಿಡಿಭಾಗ ಮಾರಿ ಮೇಲೆ ಬಂದವನು ನಾನು. ಸಂಗೀತದ ಹುಚ್ಚು ಹತ್ತಿದ್ದು ಈಚೆಗೆ, ಕೆಲಸದ ಮೇಲೆ ದಾಬಸ್‌ಪೇಟೆಗೆ ಕಾರಿನಲ್ಲಿ ಓಡಾಡುವಾಗ. ಮೊಬೈಲಿನಲ್ಲಿ ಒಬ್ಬ ಗಾಯಕಿಯ ಕಲ್ಯಾಣಿ ರಾಗದ ಆಲಾಪನೆ ಸಿಕ್ಕಿತು. ಚೆನ್ನಾಗಿತ್ತು, ಆದರೆ ಉದ್ದ. ದಾಬಸ್‌ಪೇಟೆ ಬಂದರೂ ಪಲ್ಲವಿ ಬರುತ್ತಿರಲಿಲ್ಲ. ವೇಗ ಹೆಚ್ಚಿಸುವ ಸೌಕರ್ಯ ಇದೆಯಲ್ಲ, ಒಂದೂವರೆ ಪಟ್ಟಿಗೆ ಇಟ್ಟೆ. ಅದೇ ದಾರಿ, ಅದೇ ಪೆಟ್ರೋಲು, ಸಂಗೀತ ಮಾತ್ರ ಅರ್ಧದಷ್ಟು ಜಾಸ್ತಿ! ಹೀಗೆ ಕೇಳಿ ಕೇಳಿ, ಅಂಗಡಿಗೆ ಲಾಳಿ ಕೊಳ್ಳಲು ಬಂದವರಿಗೆ ರಾಗಲಕ್ಷಣವನ್ನೂ ಉಚಿತವಾಗಿ ಹೇಳುವಷ್ಟು ಪಂಡಿತನಾದೆ.

ಹೋದ ತಿಂಗಳು ಅದೇ ಗಾಯಕಿ ಬೆಂಗಳೂರಿನಲ್ಲಿ ಹಾಡಿದರು. ಸುಶೀಲಾಳನ್ನೂ ಕರೆದೊಯ್ದೆ. ಅವಳಿಗೆ ರಾಗ ಗೀಗ ಬೇಡ. ಕೊನೆಯಲ್ಲಿ ಹಾಡುವ ದೇವರನಾಮಕ್ಕೆಂದೇ ಆಸೆಪಟ್ಟು ಬಂದಿದ್ದಳು. ಕಲ್ಯಾಣಿ ಶುರುವಾಯಿತು. ಎಂಥ ನಿಧಾನ!

"ಪಾಪ, ಜ್ವರ ಗಿರ ಬಂದಿರ್ಬೇಕು ಕಣೇ, ಮುಂದಕ್ಕೇ ಹೋಗ್ತಿಲ್ಲ. ಬಾ, ಟ್ರಾಫಿಕ್ ಆಗೋಕ್ ಮುಂಚೆ ಯಲಹಂಕ ದಾಟ್ಬಿಡೋಣ" ಎಂದು, ತನಿ ಶುರುವಾದ ಕೂಡಲೇ ಅವಳ ಕೈಹಿಡಿದು ಎಬ್ಬಿಸಿದೆ.

ಕಾರು ಹೊರಟಾಗ ನನ್ನ ಮೊಬೈಲು ರೂಢಿಯಂತೆ ಹಾಡತೊಡಗಿತು.

"ರೀ, ಇದ್ಯಾಕೆ ಬಸ್ಸು ತಪ್ಪೋಗತ್ತೆ ಅನ್ನೋರ ಥರ ಹಾಡ್ತಾವ್ರೆ?" ಎಂದ ಸುಶೀಲಾ ಪರದೆಯ ಮೇಲಿದ್ದ '1.5x' ನೋಡಿದಳು. "ಜ್ವರ ಅವ್ರಿಗಲ್ಲ, ನಿಮಗೆ. ನನ್ನ ದೇವರನಾಮ ತಪ್ಪಿಸಿಬಿಟ್ರಲ್ಲ!"

ಯಲಹಂಕ ದಾಟಿತು, ರಾಜಾನುಕುಂಟೆ ದಾಟಿತು, ಅವಳು ಕಿಟಕಿ ಕಡೆಗೇ ತಿರುಗಿ ಕೂತಿದ್ದಳು.

ಶಾಸ್ತ್ರದಲ್ಲಿ ನಿಧಾನಕ್ಕೂ ವಿಳಂಬ ಕಾಲ ಎಂಬ ಗೌರವದ ಹೆಸರಿದೆ. ಲೋಡು ತಡವಾದರೆ ಡ್ರೈವರನ್ನು ಬೈದುಕೊಂಡೇ ದೊಡ್ಡವನಾದ ನನಗೆ ಅದು ಹೇಗೆ ಹೊಳೆಯಬೇಕು? ಈಗ ನಿಜವಾದ ವೇಗದಲ್ಲೇ ಕೇಳುತ್ತಿದ್ದೇನೆ. ರಾಗದ ಎರಡು ಸಂಗತಿಗಳ ನಡುವೆ ಗಾಯಕಿ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ನಾನು ಇಷ್ಟು ದಿನ ಉಳಿತಾಯ ಮಾಡಿದ್ದು ಆ ಉಸಿರನ್ನು.

ನಿನ್ನೆ ಟಿಕೆಟ್ಟನ್ನು ಸುಶೀಲಾಳ ಮುಂದಿಟ್ಟೆ.

"ಮಂಗಳದವರ್ಗೂ ಕೂರ್ತೀರಾ?"

"ಕೂರ್ತೀನಿ."

"ನಿಮ್ಮ ಮಾತು ಬೇಡ. ಕಾರಿನ ಕೀ ನನ್ನ ಬ್ಯಾಗಲ್ಲಿರತ್ತೆ. ಒಪ್ಪಿದ್ರೆ ಬರ್ತೀನಿ."

ಒಪ್ಪಿದೆ.

ನಿಮಗೂ ಒಂದು ಮಾತು. ಕಚೇರಿಗೆ ಹೋದರೆ ಗಾಡಿಯನ್ನು ಗೇಟಿನ ಹತ್ತಿರ ನಿಲ್ಲಿಸಬೇಡಿ. ಬೇಗ ಹೋಗಿ, ಎಲ್ಲರಿಗಿಂತ ಒಳಗೆ, ಗೋಡೆಗೆ ಒತ್ತಿ ನಿಲ್ಲಿಸಿ. ಹಿಂದೆ ನಿಂತ ಗಾಡಿಗಳು ಕದಲುವ ತನಕ ನೀವೂ ಕದಲುವಂತಿಲ್ಲ. ರಸಿಕತೆ ತಾನಾಗಿ ಬರುತ್ತದೆ.