ಟವೆಲ್ಲಿನ ಕೆಳಗೆ ನಡುಗಿದ ಬೆರಳು

ಬೇಸರವೆನ್ನುವುದು ಹೊಲ-ಮನೆ ಇದ್ದವರಿಗೆ ಬರುವ ಜಡ್ಡಲ್ಲ ಎಂದು ನಂಬಿದ್ದವನು ನಾನು. ಊಟ, ನಿದ್ದೆ, ಬದುಕುವ ಆಸೆ ಒಂದೊಂದಾಗಿ ನನ್ನನ್ನು ಬಿಟ್ಟುಹೋದ ಮೇಲೆ, ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಗುಲಬರ್ಗಾದ ಡಾಕ್ಟರು ಮನಸ್ಸಿಗೆಂದು ಗುಳಿಗೆ ಬರೆದುಕೊಟ್ಟರು.

“ಮೊದಲ ಬಾಯಿ ಒಣಗ್ತದ, ಜೋಂಪು ಬರ್ತದ, ಕೈ ನಡಗಬಹುದು. ಗುಣ ಕಾಣಾಕ ಎರಡ್ಮೂರು ವಾರ ಬೇಕ್ರಿ. ನಡುವ ಬಿಡಬ್ಯಾಡ್ರಿ.”

ಗುಣ ದಾರಿಯಲ್ಲೆಲ್ಲೋ ತಡಮಾಡಿತು. ಉಳಿದವೆಲ್ಲ ಬೀಗರಂತೆ ಮೊದಲ ದಿನವೇ ಬಂದಿಳಿದವು.

ನಾನು ಅಫಜಲಪುರದ ದನದ ಸಂತೆಯಲ್ಲಿ ದಲಾಲಿ. ನಮ್ಮಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಈ ಘನ ವೃತ್ತಿಗೆ ಬೇಕಾದುದು ಮುಚ್ಚಿದ ಬಾಯಿ, ಗಟ್ಟಿ ಕೈ. ಬಾಯಿಯನ್ನು ಗುಳಿಗೆಯೇ ಅಂಟಿಸಿಕೊಟ್ಟಿತ್ತು. ಕೈ ಮಾತ್ರ ನನ್ನ ಅಪ್ಪಣೆ ಕೇಳುವುದನ್ನು ಬಿಟ್ಟಿತ್ತು.

ಆ ವಾರದ ಸಂತೆ ಇಂದಿಗೂ ಕನಸಿನಂತೆಯೇ ನೆನಪಿದೆ. ಕೊರಳಗಂಟೆಗಳು ನೀರಿನಡಿಯಿಂದ ಕೇಳುತ್ತಿದ್ದವು. ಬಿಳಿ ಎತ್ತುಗಳು ಅವಸರವಿಲ್ಲದೆ ಧೂಳಿನಲ್ಲಿ ಕರಗಿ ಮತ್ತೆ ಮೂಡುತ್ತಿದ್ದವು. ಅವುಗಳ ನಡುವೆ ನಾನೂ ತುಸು ತೇಲುತ್ತಿದ್ದೆ.

ಇಜೇರಿಯ ಚಾಚಾ, ವರ್ಷಗಳ ಗಿರಾಕಿ, ಟವೆಲ್ಲಿನೊಳಗೆ ಕೈ ತೂರಿಸಿ ಹುಬ್ಬೇರಿಸಿದರು.

“ಒಂದ್ ಬೆಲಿ ಹೇಳೋ ತಮ್ಮಾ. ಐದೂ ಬೆರಳು ಒಮ್ಮೆಲೇ ಮಾತಾಡಾಕತ್ತಾವ!”

ಎತ್ತು ಮಾರಲು ಬಂದಿದ್ದ ಮಟಕಿ ಊರಿನ ರೈತ ನನ್ನ ಬಾಯಿ ಮೂಸಿದ. “ಏನ್ರಿ ದಲಾಲರ, ಮುಂಜಾನೇನ ಏರಿಸಿ ಬಂದೀರೇನು?”

ಸುತ್ತಲಿನವರು ನಕ್ಕರು. ಕುಡುಕನೆಂಬ ಹೆಸರು ಬಿದ್ದ ದಲಾಲಿಯ ಟವೆಲ್ಲಿಗೆ ಯಾರೂ ಕೈ ಹಾಕುವುದಿಲ್ಲ. ಗುಳಿಗೆಗಳನ್ನು ಭೀಮಾ ನದಿಗೆ ಅರ್ಪಿಸುವುದೆಂದು ಅಲ್ಲೇ ಗಂಭೀರವಾಗಿ ಠರಾವು ಮಾಡಿದೆ.

“ಕುಡದಿಲ್ಲ ಚಾಚಾ. ಮನಸಿಗೆ ಗುಳಿಗಿ ತಗೊಳ್ಳಾಕತ್ತೇನಿ, ಅದಕ್ಕ ನಡಗತಾವ. ಇವತ್ತಿಗೆ ಬಿಡತೇನಿ.”

“ಬಿಟ್ರ?”

“ಕೈ ಸುಮ್ಮನಾಗತಾವ.”

“ಮತ್ತ ನೀ?”

ಚಾಚಾ ಟವೆಲ್ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. “ಬಾಯಿಲೇ ಹೇಳು.”

ಸಂತೆಯಲ್ಲಿ ಬಾಯಿಬಿಟ್ಟು ಬೆಲೆ ಹೇಳುವುದೆಂದರೆ ನಡುಬಜಾರದಲ್ಲಿ ಧೋತರ ಬಿಚ್ಚಿದಂತೆ. ಮಟಕಿಯ ರೈತ ಹೌಹಾರಿದ. ನಾನು ಚಾಚಾರ ಚರಿಗೆಯಿಂದ ಒಂದು ಗುಟುಕು ನೀರು ಕುಡಿದು, ಅಂಟಿದ ನಾಲಿಗೆ ಬಿಡಿಸಿಕೊಂಡು, ಬೇಕಾದುದಕ್ಕಿಂತ ಜೋರಾಗಿಯೇ ಹೇಳಿಬಿಟ್ಟೆ.

ವ್ಯಾಪಾರ ಮುರಿಯಿತು. ಊರೆಲ್ಲ ಸಲಹೆ ಕೊಡಲು ನಿಂತರೆ ಯಾವ ವ್ಯಾಪಾರ ಉಳಿದೀತು? ಆದರೂ ಸಂಜೆ, ಚಾಚಾ ಕೇಳಿದ ‘ಮತ್ತ ನೀ?’ ನೆನೆದು, ಗುಳಿಗೆ ನುಂಗಿದೆ. ಮುಂದೆ ನಡುಕದ ವರದಿಯನ್ನು ಡಾಕ್ಟರಿಗೆ ಒಪ್ಪಿಸಿದಾಗ, ಅವರು ಪ್ರಮಾಣ ತುಸು ಇಳಿಸಿ ಮುಂದುವರಿಸಿರೆಂದರು. ಕೈ ನೆಟ್ಟಗಾಗುವವರೆಗೆ ಚಾಚಾ ನನ್ನನ್ನು ಸಂತೆಯಾಚೆಯ ಬೇವಿನ ನೆರಳಿಗೆ ಕರೆದೊಯ್ದು, ಕಿವಿ ಹತ್ತಿರ ತಂದು, “ಮೆಲ್ಲಗ ಹೇಳು,” ಎನ್ನುತ್ತಿದ್ದರು.