ನಕಾಶೆಯಲ್ಲಿ ಕೆಂಪಾದ ಹಳ್ಳ

ಶಹಾಬಾದದ ಹೊರಗೆ ಕಾಗಿಣಾ ಹೊಳೆಯ ದಂಡೆಯ ಮೇಲಿರುವ ನೀರು ಶುದ್ಧೀಕರಣ ಘಟಕದಲ್ಲಿ ನೀರು ಪರೀಕ್ಷಿಸುವ ಕೆಲಸ ಜಗದೇವಿಯದು. ಆ ಮಳೆಗಾಲದಲ್ಲಿ ಅವಳ ಫೋನಿಗೆ ಹೊಸ ಆ್ಯಪ್ ಒಂದು ಬಂತು. ಹೊಳೆಗೆ ನೀರು ಹರಿದುಬರುವ ಹೊಲ, ಹಳ್ಳಗಳನ್ನೆಲ್ಲ ನಕಾಶೆಯಲ್ಲಿ ತೋರಿಸಿ, ಎಲ್ಲಿಂದ ವಿಷ ಸೇರಬಹುದೆಂದು ಮೊದಲೇ ಎಚ್ಚರಿಸುವ ಆ್ಯಪ್. ಅದಿನ್ನೂ ಪೂರ್ತಿ ತಯಾರಾಗಿರಲಿಲ್ಲ. ಬಳಸಿ ನೋಡಿ, ಅದರಲ್ಲಿನ ತಪ್ಪುಗಳನ್ನು ಆ್ಯಪ್ ಮಾಡಿದವರಿಗೆ ತಿಳಿಸುವುದು ಅವಳ ಪಾಲಿಗೆ ಬಿದ್ದಿತ್ತು.

ತೊಗರಿಗೆ ಔಷಧಿ ಹೊಡೆಯುವ ಕಾಲ. ಒಂದು ಮುಂಜಾನೆ ಹೊಳೆಯ ಮೇಲ್ಗಡೆ ದಂಡೋತಿ ಊರಿನ ಕಡೆಯ ಹಳ್ಳವೊಂದು ನಕಾಶೆಯಲ್ಲಿ ಕೆಂಪಾಯಿತು. ಎಂಜಿನಿಯರ್ ವಿಠ್ಠಲರನ್ನು ಕೇಳಿ ಜಗದೇವಿ ಪಂಪು ನಿಲ್ಲಿಸಿದಳು. ಕಲಬುರಗಿಯ ಪ್ರಯೋಗಾಲಯಕ್ಕೆ ಕಳಿಸಿದ ನೀರಿನಲ್ಲಿ ಏನೂ ಸಿಗಲಿಲ್ಲ. ಅಷ್ಟರಲ್ಲಿ ಊರಿಗೆ ಊರೇ ಕೊಡ ಹಿಡಿದು ಟ್ಯಾಂಕರ್ ಹಿಂದೆ ಓಡಿತ್ತು.

"ಫೋನ್ ಹೇಳ್ತಂತ ಮಂದಿ ನೀರ್ ಬಂದ್ ಮಾಡ್ತಾರೇನವ್ವಾ?" ಎಂದು ಅತ್ತೆ ಗುಂಡಮ್ಮ ಬೈದಳು. "ಓಣ್ಯಾಗ ತಲಿ ಎತ್ತಿ ತಿರಗಲಾರದಂಗ ಆಗ್ಯಾದ ನನಗ."

ಅಂದಿನಿಂದ ಜಗದೇವಿಗೆ ಫೋನ್ ತೆರೆಯಲೇ ಹಿಂಜರಿಕೆ. ಕೆಂಪು ಬಂದರೂ ಭಯ, ಬಾರದಿದ್ದರೂ ಭಯ.

ದೊಡ್ಡ ಮಳೆಯೊಂದು ಸುರಿದ ಮರುದಿನ ಅದೇ ಹಳ್ಳ ಮತ್ತೆ ಕೆಂಪಾಯಿತು. ಅವಳು ವಿಠ್ಠಲರಿಗೆ ಫೋನ್ ಮಾಡಿದಳು.

"ಮತ್ತ ಅದೇ ಆ್ಯಪ್ ಮಾತಾ? ಹಬ್ಬ ಬಂದದ, ಬಂದ್ ಮಾಡಬ್ಯಾಡ್ರಿ," ಎಂದು ಅವರು ಫೋನ್ ಇಟ್ಟರು.

ಪಂಪು ಓಡುತ್ತಲೇ ಇತ್ತು. ಆ ಸದ್ದು ಕೇಳುತ್ತ ಕೂರಲು ಅವಳಿಂದಾಗಲಿಲ್ಲ. ಹೋದ ಸಲದ ಹಾಗೆ ಸುಳ್ಳಾದರೆ? ಈ ಸಲ ಖರೆಯಾದರೆ? ಮನೆಯಲ್ಲಿ ಮಗಳು ಕುಡಿಯುವುದೂ ಇದೇ ನಳದ ನೀರು. ಪಂಪು ನೋಡಿಕೊಳ್ಳುವ ಪೀರಪ್ಪನನ್ನು ಅಲ್ಲೇ ಇರಿಸಿ, ಸ್ಕೂಟಿ ಹತ್ತಿ ಎರೆಮಣ್ಣಿನ ಕೆಸರಿನಲ್ಲಿ ಜಾರುತ್ತ ಆ ಹಳ್ಳ ಹೊಳೆಗೆ ಸೇರುವಲ್ಲಿಗೆ ಹೋದಳು.

ಮೂಗಿಗೆ ಘಾಟು ಬಡಿಯಿತು. ನೀರಿನ ಅಂಚಿನಲ್ಲಿ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅಲ್ಲಿಂದಲೇ ಪೀರಪ್ಪನಿಗೆ ಫೋನ್ ಹಚ್ಚಿದಳು. "ಮೋಟಾರ್ ಬಂದ್ ಮಾಡ್ರಿ ಪೀರಪ್ಪಣ್ಣ. ಈಗಿಂದೀಗ!"

"ಸಾಹೇಬ್ರು ಬ್ಯಾಡ ಅಂದಾರಲ್ರೀ?"

"ಅವರಿಗೆ ನಾ ಜವಾಬು ಕೊಡ್ತೀನಿ. ಮೀನ ಸತ್ತಾವ್ರೀ ಇಲ್ಲಿ!"

ಫೋನಿನಲ್ಲಿ ಪಂಪಿನ ಸದ್ದು ಇಳಿದು ನಿಂತದ್ದು ಅವಳಿಗೆ ಕೇಳಿಸಿತು. ಸತ್ತ ಮೀನಿನ ಫೋಟೋ ಕಳಿಸಿದ ಮೇಲೆ ವಿಠ್ಠಲರೇ ಓಡಿಬಂದರು. ಈ ಸಲ ಕಲಬುರಗಿಯಿಂದ ಬಂದ ವರದಿಯಲ್ಲಿ ಕೀಟನಾಶಕವಿತ್ತು. ಹೊಳೆ ತಿಳಿಯಾಗುವ ತನಕ ಊರಿಗೆ ಟ್ಯಾಂಕರ್ ನೀರು. ಯಾರಿಗೂ ಏನೂ ಆಗಲಿಲ್ಲ. ಹಾಗೆಂದು ಯಾರೂ ಅವಳನ್ನು ಹೊಗಳಲೂ ಇಲ್ಲ. ಊರವರು ಹಬ್ಬಕ್ಕೆ ನೀರಿಲ್ಲವೆಂದು ಗೊಣಗಿದರು. ಗುಂಡಮ್ಮ ಮಾತ್ರ ಅಂದು ತಾನೇ ರೊಟ್ಟಿ ಬಡಿದು ಸೊಸೆಗೆ ಬಿಸಿಬಿಸಿ ಬಡಿಸಿದಳು.

ಆ್ಯಪ್ ಮಾಡಿದವರು ಫೋನ್ ಮಾಡಿ ಅಭಿಪ್ರಾಯ ಕೇಳಿದರು.

"ಬರೇ ಕೆಂಪು ತೋರಸಬ್ಯಾಡ್ರಿ. ಯಾಕ ಕೆಂಪಾಗ್ಯಾದಂತ ಬರೀರಿ. ಇಲ್ಲಂದ್ರ ಮಂದಿಗೆ ನಾ ಏನಂತ ಹೇಳ್ಲಿ?" ಎಂದಳು ಜಗದೇವಿ.

ಕೆಲವು ವಾರಗಳಲ್ಲಿ ಕಾರಣವೂ ಕಾಣಿಸತೊಡಗಿತು: ಎಷ್ಟು ಮಳೆ, ಯಾವ ಹೊಲ, ಯಾವ ಔಷಧಿ. ಮೋಡ ಕಟ್ಟಿದ ದಿನ ಅವಳಿಗೆ ಈಗಲೂ ಊಟ ಸೇರುವುದಿಲ್ಲ. ಆದರೆ ಪಂಪು ನಿಲ್ಲಿಸೆಂದು ಹೇಳುವಾಗ ದನಿ ಮೊದಲಿನಷ್ಟು ನಡುಗುವುದಿಲ್ಲ.